ಕೆಡವುವ ಮೊದಲು

ಹಳೆಯ ಬೀದಿಯ ಚಿತ್ರ ತೆಗೆಯಲು ನಾನು ಮೋಡ ಕವಿದ ದಿನವನ್ನೇ ಆರಿಸಿಕೊಳ್ಳುತ್ತೇನೆ. ಸಂಜೆಯ ಹೊಂಬಿಸಿಲು ಎಂಥ ಗೋಡೆಯನ್ನೂ ಚೆಂದಗಾಣಿಸಿಬಿಡುತ್ತದೆ. ನನಗೆ ಬೇಕಾದದ್ದು ಉದುರಿದ ಗಾರೆ, ಅದರಡಿಯ ಇಟ್ಟಿಗೆ ಸಾಲು, ಬಣ್ಣದ ಮೇಲೆ ಬಣ್ಣ ಬಳಿದ ಬಾಗಿಲ ಚೌಕಟ್ಟು. ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದರೆ ಕಟ್ಟಡ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಹಾಗಾಗಿ ಅದನ್ನು ನೆಟ್ಟಗಿಟ್ಟು, ದೂರ ಸರಿದು ನಿಂತು, ಕೆಳಗೆ ಹೆಚ್ಚಾಗಿ ಬಂದ ರಸ್ತೆಯನ್ನು ಆಮೇಲೆ ಕತ್ತರಿಸುತ್ತೇನೆ. ಕ್ಯಾಮೆರಾ ಓರೆ ಮಾಡದೆಯೇ ನೋಟವನ್ನು ಮೇಲಕ್ಕೆ ಸರಿಸುವ ಶಿಫ್ಟ್ ಲೆನ್ಸ್ ಕೊಳ್ಳಬಲ್ಲವರಿಗೆ ಈ ತಾಪತ್ರಯವಿಲ್ಲ, ಬಿಡಿ.

ಈ ಕೆಲಸದ ಹಿರಿಯರಲ್ಲಿ ಫ್ರೆಂಚ್ ಛಾಯಾಗ್ರಾಹಕ ಷಾರ್ಲ್ ಮಾರ್ವಿಲ್ ಒಬ್ಬ. 1860ರ ದಶಕದಲ್ಲಿ ಪ್ಯಾರಿಸ್ಸಿನ ಇಕ್ಕಟ್ಟು ಗಲ್ಲಿಗಳನ್ನು ಒಡೆಯುವ ಮೊದಲು ಚಿತ್ರ ತೆಗೆಯಲು ಅವನನ್ನು ನೇಮಿಸಿದ್ದು ನಗರಾಡಳಿತವೇ. ಕೆಡವುವವರೇ ದಾಖಲೆಗೂ ಹಣ ಕೊಟ್ಟರು! ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಛಾಯಾಗ್ರಾಹಕ ಥಾಮಸ್ ಆನನ್ 1868ರಿಂದ 1871ರವರೆಗೆ ಮಾಡಿದ್ದೂ ಇದನ್ನೇ. ಅವನ ಓಣಿಗಳಲ್ಲಿ ಒಗೆದ ಬಟ್ಟೆ ನೇತಾಡುತ್ತದೆ, ಅಲುಗಾಡಿದ ಜನ ಮಸುಕಾಗಿ ಉಳಿದಿದ್ದಾರೆ. ಖಾಲಿ ಬೀದಿಗಾಗಿ ನಸುಕಿನಲ್ಲೇ ಹೊರಡುವವರಿಗೆ ಇದು ದಕ್ಕುವುದಿಲ್ಲ.

ನಿಂತ ಜಾಗವನ್ನೂ ಲೆನ್ಸನ್ನೂ ಬರೆದಿಟ್ಟುಕೊಳ್ಳುತ್ತೇನೆ, ಹೊಸ ಕಟ್ಟಡ ಎದ್ದ ಮೇಲೆ ಅಲ್ಲಿಂದಲೇ ಮತ್ತೊಂದು ಚಿತ್ರ ತೆಗೆಯಲು. ಗುರುತಿಗೆ ಮರ, ಕಂಬಗಳನ್ನು ನಂಬುವುದಿಲ್ಲ, ಅವೂ ಹೋಗುತ್ತವೆ. ಮೊಬೈಲಿನ ಜಿಪಿಎಸ್ ಒಂದೇ ಸಾಲದು, ಇಕ್ಕಟ್ಟು ಬೀದಿಯಲ್ಲಿ ಅದು ಕೆಲವು ಮೀಟರ್ ತಪ್ಪುವುದುಂಟು.