ಸಿಮೆಂಟ್ ಸುರಿಯುವ ಮೊದಲು ಮಣ್ಣನ್ನು ನೋಡಿ

ಗೋಡೆ ಕಟ್ಟಲು ಯಂತ್ರದಲ್ಲಿ ಒತ್ತಿ ಮಾಡುವ ಮಣ್ಣಿನ ಬ್ಲಾಕ್ ಮಳೆಗೆ ಕರಗೀತೆಂದು ಹೆದರಿ ಶೇ. 12, 15ರಷ್ಟು ಸಿಮೆಂಟ್ ಹಾಕುವವರಿದ್ದಾರೆ. ದುಡ್ಡು ದಂಡ. ಸಿಮೆಂಟ್ ಚೆನ್ನಾಗಿ ಹಿಡಿಯುವುದು ಮರಳಿನ ಕಣಗಳನ್ನು. ಜೇಡಿ ಅತಿಯಾದರೆ ಅದು ನೀರು ಕುಡಿದು ಉಬ್ಬಿ, ಒಣಗಿ ಕುಗ್ಗಿ, ಆ ಹಿಡಿತವನ್ನೇ ಬಿಡಿಸುತ್ತದೆ.

ಬೇರು, ಗೊಬ್ಬರ ಬೆರೆತ ಮೇಲ್ಪದರ ತೆಗೆದುಹಾಕಿ. ಕೊಳೆತ ಅಂಶವಿದ್ದರೆ ಸಿಮೆಂಟ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಕೆಳಗಿನ ಮಣ್ಣನ್ನು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ತುಂಬಿ, ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ. ಜೇಡಿಗೆ ಒಂದು ದಿನವೇ ಬೇಕು. ಆಮೇಲೆ ಪದರಗಳ ದಪ್ಪ ನೋಡಿ ಪಾಲು ಅಂದಾಜಿಸಿ. ಮರಳು ಶೇ. 65–70, ಜೇಡಿ ಶೇ. 10–15 ಇರುವ ಮಣ್ಣು ಉತ್ತಮ. ಜೇಡಿ ಹೆಚ್ಚಿದ್ದರೆ ಮರಳನ್ನೋ ಕಲ್ಲುಪುಡಿಯನ್ನೋ ಬೆರೆಸಿ. ಎರೆಮಣ್ಣಿಗೆ ಮಾತ್ರ ಸಿಮೆಂಟಿಗಿಂತ ಸುಣ್ಣ ಮೇಲು.

ಹೀಗೆ ಸರಿಹೋದ ಮಣ್ಣಿಗೆ ತೂಕದಲ್ಲಿ ಶೇ. 6–8 ಸಿಮೆಂಟ್ ಸಾಕು. ಶೇ. 7ರ ಲೆಕ್ಕದಲ್ಲಿ 350 ಕೆಜಿ ಒಣಮಣ್ಣಿಗೆ ಅರ್ಧ ಚೀಲ, ಅಂದರೆ 25 ಕೆಜಿ. ಮಣ್ಣನ್ನು 5 ಮಿಮೀ ಜರಡಿಯಲ್ಲಿ ಹಿಡಿದು, ಒಣಗಿದ್ದಾಗಲೇ ಸಿಮೆಂಟ್ ಸೇರಿಸಿ ಬಣ್ಣ ಒಂದೇ ಸಮನಾಗುವವರೆಗೆ ತಿರುವಿ. ಆಮೇಲಷ್ಟೇ ನೀರು ಚಿಮುಕಿಸಿ. ಕೊಡದಲ್ಲಿ ಸುರಿದರೆ ಗಂಟು ಕಟ್ಟುತ್ತದೆ.

ನೀರು ಸಾಮಾನ್ಯವಾಗಿ ಶೇ. 10–12. ಅಂಗೈಯಲ್ಲಿ ಉಂಡೆ ಕಟ್ಟಿ ಎದೆಯ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ಚೂರಾದರೆ ಹದ ಸರಿ. ಪುಡಿಯಾದರೆ ನೀರು ಕಡಿಮೆ, ಚಪ್ಪಟೆಯಾಗಿ ಕೂತರೆ ಹೆಚ್ಚು.

ಅತಿ ಹೆಚ್ಚು ಬ್ಲಾಕ್ ಕೆಡುವುದು ಇದರ ನಂತರ. ನೀರು ಬಿದ್ದ ಕ್ಷಣದಿಂದ ಸಿಮೆಂಟ್ ಕೆಲಸ ಶುರು ಮಾಡುತ್ತದೆ. ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಿ. ತಡವಾದರೆ ಆಗತಾನೇ ಕೂಡಿದ ಬೆಸುಗೆಯನ್ನು ಒತ್ತುವಾಗ ನಾವೇ ಮುರಿಯುತ್ತೇವೆ. ಆದ್ದರಿಂದ ಒಮ್ಮೆಗೆ ಕಲಸುವುದು ಅಷ್ಟರಲ್ಲಿ ಖರ್ಚಾಗುವಷ್ಟನ್ನೇ, ಕೈಯಂತ್ರಕ್ಕಂತೂ ಅರ್ಧ ಚೀಲದ ಲೆಕ್ಕವನ್ನು ಮೀರಬೇಡಿ. ಉಳಿದದ್ದಕ್ಕೆ ಮತ್ತೆ ನೀರು ಹಾಕಿ ಬಳಸುವುದು ಖಂಡಿತ ಕೂಡದು. ಅಚ್ಚಿಗೆ ಹಾಕುವ ಮಿಶ್ರಣವನ್ನು ಪ್ರತಿ ಸಲವೂ ತೂಗಿ: ಕಡಿಮೆ ತುಂಬಿದ ಬ್ಲಾಕ್ ಅಳತೆಯಲ್ಲಿ ಸರಿಯಿದ್ದರೂ ಒಳಗೆ ಪೊಳ್ಳು. ಒಣ ಸಾಂದ್ರತೆ ಘನ ಮೀಟರಿಗೆ 1800 ಕೆಜಿ ಆಸುಪಾಸಿರಲಿ.

ಮೊದಲ ಎರಡು ದಿನ ಪ್ಲಾಸ್ಟಿಕ್ ಹಾಳೆ ಹೊದಿಸಿ. ಆಮೇಲೆ ನೆರಳಲ್ಲಿ, ಗೋಣಿಚೀಲ ಹಾಸಿ, 28 ದಿನ ತೇವ ಆರದಂತೆ ನೋಡಿಕೊಳ್ಳಿ. ಕೊನೆಗೆ ಒಂದೆರಡನ್ನು ಎರಡು ದಿನ ನೀರಲ್ಲಿ ಮುಳುಗಿಸಿ, ಒದ್ದೆಯಿದ್ದಾಗಲೇ ಬಲ ಪರೀಕ್ಷಿಸಿ. ಒಣ ಬ್ಲಾಕ್ ತೋರಿಸುವ ಬಲದ ಅರ್ಧವೂ ಒದ್ದೆಯಲ್ಲಿ ಸಿಗದಿರಬಹುದು. ಗೋಡೆಯ ಲೆಕ್ಕ ಹಾಕಬೇಕಾದ್ದು ಆ ಒದ್ದೆ ಬಲದ ಮೇಲೆ.