ಮಾವಶಿ ತಂದ ತೆನೆ

"ಬರೀ ಅಪ್ಪಂದಿರ ಹೆಸರೇ ಇದೆ. ಅಮ್ಮಂದಿರೆಲ್ಲ ಎಲ್ಲಿ ಹೋದರು?"

ಮಗಳು ಕೇಳಿದ್ದು ಇಷ್ಟೇ. ಮೊಂತಿ ಹಬ್ಬದ, ಅಂದರೆ ಮಾತೆ ಮರಿಯ ಹುಟ್ಟಿದ ದಿನ ಮಾಡುವ ನಮ್ಮ ಹೊಸ ತೆನೆ ಹಬ್ಬದ, ಒಂಬತ್ತು ದಿನಗಳ ಪ್ರಾರ್ಥನೆ ನವೇನ ಮುಗಿಯುತ್ತಾ ಬಂದಿತ್ತು. ಜಪಸರ ಆದ ಮೇಲೆ, ಸೆಪ್ಟೆಂಬರ್ 8ರ ಪೂಜೆಯಲ್ಲಿ ಓದುವ ಶುಭಸಂದೇಶವನ್ನು ಮನೆಯಲ್ಲೇ ಒಮ್ಮೆ ಓದುವುದು ನಮ್ಮ ರೂಢಿ. ಈ ಸಲ ಅವಳ ಸರದಿ. ಮತ್ತಾಯನ ಮೊದಲನೆಯ ಅಧ್ಯಾಯ. ಅಬ್ರಹಾಮನ ಮಗ ಇಸಾಕ, ಇಸಾಕನ ಮಗ ಯಕೋಬ ಅಂತ ಶುರುವಾದರೆ ಮುಗಿಯುವುದೇ ಇಲ್ಲ. ಮುಂಬಯಿ ಬೋರಿವಲಿಯ ಇಂಗ್ಲಿಷ್ ಶಾಲೆಗೆ ಹೋಗುತ್ತಾ, ಮನೆಯಲ್ಲಿ ನನ್ನ ಹತ್ತಿರ ಕನ್ನಡ ಅಕ್ಷರ ಕಲಿತ ಹುಡುಗಿಗೆ ಅದು ಶಿಕ್ಷೆಯೇ ಸರಿ. ಚರ್ಚಿನಲ್ಲಿ ಎಷ್ಟೋ ಸಲ ಫಾದರ್ ಕೂಡ ಈ ಪಟ್ಟಿ ಬಿಟ್ಟು ಯೋಸೇಫನ ಕನಸಿನಿಂದ ಓದಿಬಿಡುತ್ತಾರೆ. ಹಾಗೆ ಓದಲು ಅವಕಾಶವೂ ಇದೆ. ಮಾತೆ ಹುಟ್ಟಿದ ಬಗ್ಗೆ ಬೈಬಲಿನಲ್ಲಿ ಒಂದು ಸಾಲೂ ಇಲ್ಲ. ಅವಳ ಅಪ್ಪ ಅಮ್ಮನ ಹೆಸರುಗಳಾದ ಜೋಕಿಂ, ಅನ್ನಮ್ಮ ಸಹ ಬೈಬಲಿನ ಹೊರಗಿನ ಹಳೆಯ ಬರಹದಿಂದ ಬಂದವು. ಹಾಗಾಗಿ ಹಬ್ಬದ ದಿನ ನಮ್ಮ ಪಾಲಿಗೆ ಸಿಗುವುದು ಈ ವಂಶಾವಳಿ.

"ಸರಿಯಾಗಿ ನೋಡು, ಇದ್ದಾರೆ" ಎಂದೆ. ಬೆರಳಿಟ್ಟು ಹುಡುಕಿದಳು. ತಾಮಾರ, ರಹಾಬ, ರೂತ್. ಆಮೇಲೆ ಒಬ್ಬಳಿಗೆ ಹೆಸರೂ ಇಲ್ಲ, ಬರೀ ಊರೀಯನ ಹೆಂಡತಿ. ಕಡೆಗೆ ಮರಿಯ.

"ರೂತ್ ಯಾರು?"

"ಬೇರೆಯವರ ಗದ್ದೆಯಲ್ಲಿ ತೆನೆ ಆಯ್ದವಳು."

"ಮೊಂತಿ ಹಬ್ಬಕ್ಕಾ?"

ನಾವಿಬ್ಬರೂ ನಕ್ಕೆವು. ನಮಗೆ ಆಯುವ ಕಷ್ಟ ಎಲ್ಲಿದೆ? ಮಂಗಳೂರಿನಿಂದ ಬರುವ ಬಸ್ಸಿನಲ್ಲಿ ತೆನೆ ತಾನಾಗಿಯೇ ಬರುತ್ತದೆ ಎಂದು ಇವರು ಹೇಳಿದರು. ಈ ಸಲ ಅದೇ ಬರಲಿಲ್ಲ.

ಊರಿನವರೆಲ್ಲ ಸೇರಿ ಮಾಡುವ ಹಬ್ಬ ಇಲ್ಲಿ ಭಾನುವಾರಕ್ಕೆ ಹೋಗುತ್ತದೆ. ಎಲ್ಲರಿಗೂ ಡ್ಯೂಟಿ, ಮಕ್ಕಳಿಗೆ ಶಾಲೆ. ಆದರೆ ಮನೆಯ ಹೊಸ ಅಕ್ಕಿ ಊಟ ಮಾತ್ರ ಎಂಟನೇ ತಾರೀಕಿಗೇ ಆಗಬೇಕು. ಅದು ಕಾರ್ಕಳದಲ್ಲಿರುವ ನಮ್ಮತ್ತೆಯ ಕಟ್ಟುನಿಟ್ಟು. ಹುಟ್ಟಿದ ಹಬ್ಬವನ್ನು ನಿಮ್ಮ ರಜೆ ನೋಡಿ ಮಾಡುತ್ತೀರಾ ಎಂದು ಕೇಳುತ್ತಾರೆ. ಅದಕ್ಕೇ ಊರಿನ ಸಂಬಂಧಿಯೊಬ್ಬರು ಒಂದು ಹಿಡಿ ತೆನೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸಿಗೆ ಹಾಕುತ್ತಿದ್ದರು. ಈ ಸಲ ಕಟ್ಟು ದಾರಿಯಲ್ಲೇ ಎಲ್ಲೋ ಇಳಿದುಹೋಯಿತಂತೆ. ಏಳನೇ ತಾರೀಕು ಸಂಜೆ ಮೆಟ್ಟಿಲ ಹತ್ತಿರ ನಿಂತು ಫೋನಿನಲ್ಲಿ ವಿಚಾರಿಸಿದೆ, ಬೇಡಿಕೊಂಡೆ, ಸ್ವಲ್ಪ ಜೋರೂ ಮಾಡಿದೆ. ಪ್ರಯೋಜನ ಆಗಲಿಲ್ಲ.

ಬೇರೆ ಯಾವುದಕ್ಕೂ ಕೊರತೆ ಇರಲಿಲ್ಲ. ಮಾಟುಂಗಾ ಮಾರ್ಕೆಟಿಗೆ ಹೋದರೆ ನಮ್ಮೂರಿನ ಸಂತೆಗೇ ಹೋದ ಹಾಗೆ. ಅಂಬಡೆ, ಕೆಸುವಿನೆಲೆ, ಹರಿವೆ ದಂಟು, ಮಂಗಳೂರು ಸೌತೆ, ಹೀರೆ, ಅಲಸಂಡೆ, ಬಾಳೆಲೆ ಎಲ್ಲ ಒಂದೇ ಸಾಲಿನಲ್ಲಿ. ಮಕ್ಕಳ ಕಬ್ಬಿಗೆ ಸ್ಟೇಷನ್ ಹತ್ತಿರದ ಕಬ್ಬಿನ ಹಾಲಿನ ಅಂಗಡಿಯವನೇ ಗತಿ. ಉದ್ದದ ಎರಡು ಕೋಲು ಕೊಟ್ಟು, ಹಿಂಡಿಕೊಡಲೇ ಎಂದು ಕೇಳಿದ. ಹೂವಿಗೆ ಮಾತ್ರ ಗಣಪತಿ ಸಮಯದ ರೇಟು, ಕೈ ಸುಡುತ್ತದೆ. ಊರಿನಲ್ಲಿ ಹೂವಿಗೆ ದುಡ್ಡು ಕೊಟ್ಟದ್ದು ನನಗೆ ನೆನಪಿಲ್ಲ. ಬೆಳಿಗ್ಗೆ ಎದ್ದು ತಟ್ಟೆ ಹಿಡಿದು ಹೊರಟರೆ ದಾಸವಾಳ, ರತ್ನಗಂಧಿ, ಗುಡ್ಡದ ಬದಿಯ ಹೆಸರು ಗೊತ್ತಿಲ್ಲದ ಹೂಗಳು. ಪಕ್ಕದ ಮನೆಯ ಭಟ್ಟರ ಹೆಂಡತಿ ತಮ್ಮ ದೇವರ ಪೂಜೆಗೆ ಬೇಕಾದಷ್ಟು ಕೊಯ್ದುಕೊಂಡು, "ಉಳಿದದ್ದು ನಿಮ್ಮ ಮಾತೆಗೆ" ಎಂದು ಗಿಡವನ್ನೇ ನಮಗೆ ಬಿಟ್ಟುಕೊಡುತ್ತಿದ್ದರು. ಯಾರ ತಟ್ಟೆ ಜಾಸ್ತಿ ತುಂಬಿತು ಎಂದು ಚರ್ಚ್ ಮುಟ್ಟುವ ತನಕ ಜಗಳ.

ಎಂಟನೇ ತಾರೀಕು ಬೆಳಿಗ್ಗೆ ಐದೂವರೆಗೆ ಪತ್ರೊಡೆ ಬೇಯಲು ಇಟ್ಟು, ತೆಂಗಿನಕಾಯಿ ತುರಿಯುತ್ತಾ ಕೂತಿದ್ದೆ. ಅಷ್ಟು ಹೊತ್ತಿಗೆ ಬೆಲ್ ಆಯಿತು. ಎದುರು ಮನೆಯ ಮಾವಶಿ, ಮರಾಠಿಯಲ್ಲಿ ಚಿಕ್ಕಮ್ಮ. ಕೈಯಲ್ಲಿ ಬಾಳೆಲೆಯ ಸುತ್ತು.

ಮಾವಶಿಯ ತವರು ವಸಈ ಕಡೆ. ಅಲ್ಲಿಯ ಸಾಮವೇದಿ ಕ್ರೈಸ್ತರು. ತಲೆಮಾರುಗಳಿಂದ ತರಕಾರಿ, ಬಾಳೆ, ಭತ್ತ ಬೆಳೆಯುವ ಜನ. ಹಿಂದಿನ ಸಂಜೆ ನಾನು ಫೋನಿನಲ್ಲಿ ಕೂಗಾಡಿದ್ದು ಅವರಿಗೆ ಕೇಳಿಸಿತ್ತು. ಮಾತು ಅರ್ಥವಾಗದಿದ್ದರೂ ನನ್ನ ಮಗಳನ್ನು ಕರೆದು ಕೇಳಿದ್ದಾರೆ. ರಾತ್ರಿಯೇ ತಮ್ಮನಿಗೆ ಫೋನ್ ಮಾಡಿದ್ದಾರೆ. ಅವನು ಬೆಳಗಿನ ಮೊದಲ ಲೋಕಲ್ ಹಿಡಿದು ಬಂದು, ಬೋರಿವಲಿ ಸ್ಟೇಷನ್ನಿನಲ್ಲಿ ಅಕ್ಕನ ಕೈಗೆ ಕೊಟ್ಟು, ಅದೇ ಕಾಲಲ್ಲಿ ಕೆಲಸಕ್ಕೆ ಹೋದನಂತೆ. "ಬದುವಿನ ಬದಿಯದು. ಹೇಗೂ ಹಕ್ಕಿ ತಿನ್ನುತ್ತಿತ್ತು" ಎಂದು ಮಾವಶಿ ಹಿಂದಿಯಲ್ಲಿ ಹೇಳಿದರು, ಅದೇನೂ ದೊಡ್ಡ ವಿಷಯ ಅಲ್ಲ ಎನ್ನುವಂತೆ.

ಹೊಲದ ಅಂಚಿನ ಪೈರನ್ನು ಪೂರ್ತಿ ಕೊಯ್ಯಬೇಡಿ, ಅದನ್ನು ಬಡವರಿಗೂ ಪರದೇಶಿಗಳಿಗೂ ಬಿಡಿ ಎಂದು ಬೈಬಲಿನ ಯಾಜಕಕಾಂಡದಲ್ಲಿ ಇದೆ, 19ನೇ ಅಧ್ಯಾಯ. ಆ ಕಾನೂನಿನ ಬಲದಿಂದಲೇ ರೂತ್ ಬೋವಜನ ಹೊಲಕ್ಕೆ ಇಳಿದದ್ದು. ಬೋವಜ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಸಿವುಡಿನಿಂದ ಬೇಕೆಂದೇ ಕೆಲವು ತೆನೆ ಎಳೆದು ಬೀಳಿಸಿ, ಅವಳು ಆಯ್ದುಕೊಳ್ಳಲಿ, ಯಾರೂ ಗದರಬೇಡಿ ಎಂದು ಆಳುಗಳಿಗೆ ಹೇಳಿದ. ಕೊಟ್ಟದ್ದು ಕೊಟ್ಟ ಹಾಗೆ ಕಾಣಬಾರದು, ಅಷ್ಟೇ. ಹಕ್ಕಿ ತಿನ್ನುತ್ತಿತ್ತು ಎಂಬ ಮಾತು ಅದೇ ಜಾತಿಯದು ಅಲ್ವಾ?

ಬಾಳೆಲೆ ಬಿಚ್ಚಿದರೆ ತೆನೆ ಇನ್ನೂ ಹಸಿರು. ನಮ್ಮೂರ ತೆನೆ ಇಷ್ಟು ಹೊತ್ತಿಗೆ ಅರಿಶಿನ ಬಣ್ಣಕ್ಕೆ ತಿರುಗಿರುತ್ತದೆ. ಉಗುರಿನಿಂದ ಸಿಪ್ಪೆ ಬಿಡಿಸಿದರೆ ಒಳಗೆ ಅಕ್ಕಿ ಕಾಣುತ್ತದೆ. ಇದರ ಒಂದು ಕಾಳು ಒತ್ತಿ ನೋಡಿದೆ. ತುದಿಯಲ್ಲಿ ಬಿಳಿ ಹನಿಯೊಂದು ಬಂದು ಉಗುರಿನ ಸಂದಿಗೆ ಇಳಿಯಿತು. ಬರೀ ಹಾಲು. ಜಜ್ಜಿ ಕಾಯಿಹಾಲಿಗೆ ಹಾಕಲು ಅಕ್ಕಿಯೇ ಇಲ್ಲ. ಪೂಜೆಗೆ ಹೋಗಿ, ಫಾದರ್ ಹತ್ತಿರ ತೆನೆಯನ್ನು ಆಶೀರ್ವಾದ ಮಾಡಿಸಿಕೊಂಡು ಬಂದೆವು. ಮನೆಗೆ ಬಂದು ನಾನೂ ಮಗಳೂ ಒಂದೊಂದೇ ಕಾಳು ಒತ್ತಿ, ಆ ಹನಿಗಳನ್ನು ಬೆಲ್ಲ ಹಾಕಿದ ಕಾಯಿಹಾಲಿಗೆ ಬಿಟ್ಟೆವು. ರುಚಿಯಲ್ಲಿ ವ್ಯತ್ಯಾಸವೇನೂ ಇರಲಿಲ್ಲ. ಏಲಕ್ಕಿಯೇ ಮುಂದೆ ಬರುತ್ತಿತ್ತು. ಇವರು ಶಿಲುಬೆಯ ಗುರುತು ಮಾಡಿ, ಅಮ್ಮನ ಹೆಸರು, ಹೋದ ಅಪ್ಪನ ಹೆಸರು, ಗಲ್ಫಿನಲ್ಲಿರುವ ಅಣ್ಣನ ಹೆಸರು ಎಲ್ಲ ಹೇಳಿ ಪ್ರಾರ್ಥನೆ ಮಾಡಿ, ಒಂದೊಂದು ಚಮಚ ಹಂಚಿದರು.

ಊಟಕ್ಕೆ ಮಾವಶಿಯೂ ಬಂದರು. ಎಲೆ ನೋಡಿದರು, ಬಡಿಸಿದ್ದೆಲ್ಲ ನೋಡಿದರು, ಆಮೇಲೆ ಅಡುಗೆಮನೆ ಕಡೆ ನೋಡಿದರು. "ಮೀನು ಎಲ್ಲಿ?" ಇಲ್ಲ ಎಂದೆ. "ಮಾಂಸ?" ಅದೂ ಇಲ್ಲ. ಕ್ರಿಸ್ತುವರ ಹಬ್ಬದಲ್ಲಿ ಬರೀ ಸೊಪ್ಪು ತರಕಾರಿ ಎಂದರೆ ಅವರಿಗೆ ನಂಬಿಕೆಯೇ ಬರಲಿಲ್ಲ. ಪದಾರ್ಥಗಳು ಬೆಸ ಸಂಖ್ಯೆಯಲ್ಲೇ ಇರಬೇಕು ಎಂದು ಹೇಳಿದ ಮೇಲೆ ಅವರೇ ಎಣಿಸಿ, ಉಪ್ಪಿನಕಾಯಿ ಲೆಕ್ಕಕ್ಕೆ ಇದೆಯೋ ಎಂದು ಕೇಳಿದರು. ನಮ್ಮ ಮನೆಯಲ್ಲಿ ಇದು ಇನ್ನೂ ತೀರ್ಮಾನವಾಗದ ವ್ಯಾಜ್ಯ. ಇವರು ಮಂಗಳೂರು ಹತ್ತಿರದ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿ, 1763ರಲ್ಲಿ ಅಲ್ಲಿ ಈ ಹಬ್ಬ ಶುರು ಮಾಡಿದ ಗೋವಾದ ಫಾದರ್ ಜೋಕಿಂ ಮಿರಾಂದ ಎಂದೆಲ್ಲ ಹೇಳಲು ಹೊರಟರು. ಮಾವಶಿಯ ಗಮನ ಪತ್ರೊಡೆಯ ಮೇಲಿತ್ತು.

ಮಗಳಿಗೆ ಬಾಂದ್ರಾ ಜಾತ್ರೆಯ ಆಸೆ. ಮೌಂಟ್ ಮೇರಿ ಬೆಟ್ಟದಲ್ಲಿ ಎಂಟನೇ ತಾರೀಕಿನ ನಂತರದ ಭಾನುವಾರ ಶುರುವಾದರೆ ಒಂದು ವಾರ ಜನವೋ ಜನ. ಹರಕೆಗೆ ಮೇಣದ ಕೈ, ಕಾಲು, ಮಗು, ಮನೆ ಮಾರುತ್ತಾರೆ. ಫ್ಲ್ಯಾಟ್ ಬೇಕಾದವರು ಮೇಣದ ಮನೆ ಕೊಂಡು ಅರ್ಪಿಸುತ್ತಾರೆ. ನಾವೂ ಒಂದು ಕಾಲದಲ್ಲಿ ಕೊಟ್ಟವರೇ. "ಮೇಣದ ಗದ್ದೆ ಸಿಗುತ್ತದಾ?" ಎಂದು ಇವರು ತಮಾಷೆಗೆ ಕೇಳಿದರು. ಕೇಳಿದ ಮೇಲೆ ಅವರೇ ಸುಮ್ಮನಾದರು.

ಅತ್ತೆಯ ಗದ್ದೆ ಈಗ ಹಡಿಲು ಬಿದ್ದಿದೆ. ಮಾವ ಹೋದ ಮೇಲೆ ಕೆಲವು ವರ್ಷ ಬೇರೆಯವರು ಮಾಡಿದರು. ಆಮೇಲೆ ಅವರ ಮಕ್ಕಳೂ ಪರವೂರಿಗೆ ಹೋದರು. ಈಗ ಅಲ್ಲಿ ಸೊಂಟದ ಎತ್ತರಕ್ಕೆ ಹುಲ್ಲು. ಹಬ್ಬದ ದಿನ ಅತ್ತೆಯೂ ಚರ್ಚಿನಲ್ಲಿ ಹಂಚುವ ತೆನೆಯನ್ನೇ ತರುತ್ತಾರೆ. ಒಂದು ಕಾಲದಲ್ಲಿ ಚರ್ಚಿಗೆ ತೆನೆ ಕೊಟ್ಟ ಮನೆ ಅದು.

ಮಾವಶಿ ಹೋದ ಮೇಲೆ ಎಲೆ ಎತ್ತಿ, ಪಾತ್ರೆ ತೊಳೆಯುವಾಗ ನನಗೆ ಆ ಲಕೋಟೆಗಳು ನೆನಪಾದವು. ಮುಂಬಯಿಗೆ ಬಂದ ಹೊಸದರಲ್ಲಿ ಅತ್ತೆ ಪ್ರತಿ ಸೆಪ್ಟೆಂಬರಿನಲ್ಲಿ ಅಂಚೆಯಲ್ಲಿ ಕಳಿಸುತ್ತಿದ್ದರು. ಒಳಗೆ ಪತ್ರ, ಕನ್ನಡ ಅಕ್ಷರದ ಕೊಂಕಣಿ. ಮಡಿಕೆಯ ನಡುವೆ ಒಣಗಿಸಿದ ಹೊಸ ಅಕ್ಕಿಯ ಕೆಲವು ಕಾಳು. ಅಂಚೆಯ ಮುದ್ರೆ ಬಿದ್ದು ಅರ್ಧ ಪುಡಿಯಾಗಿರುತ್ತಿತ್ತು. ಆ ಪುಡಿಯನ್ನೇ ಪಾಯಸಕ್ಕೆ ಹಾಕುತ್ತಿದ್ದೆ. ಗಲ್ಫಿಗೂ ಒಂದು ಲಕೋಟೆ ಹೋಗುತ್ತಿತ್ತು. ಮೊಬೈಲ್ ಬಂದ ಮೇಲೆ ಅದು ನಿಂತಿತು. ಯಾವ ವರ್ಷ ನಿಂತಿತು ಎಂದು ಹೇಳಲು ನನಗೆ ಆಗುವುದಿಲ್ಲ. ಯಾಕೆ ಕಳಿಸಲಿಲ್ಲ ಎಂದು ನಾವು ಯಾರೂ ಕೇಳಿಯೂ ಇಲ್ಲ.

ನಮ್ಮ ಮದುವೆಯ ಪೂಜೆಯಲ್ಲಿ ರೂತಳ ಮಾತನ್ನೇ ಓದಿದ್ದು. "ನಿನ್ನ ಜನವೇ ನನ್ನ ಜನ, ನಿನ್ನ ದೇವರೇ ನನ್ನ ದೇವರು." ಗಂಡ ಹೆಂಡತಿ ಕೈ ಹಿಡಿದು ನಿಂತಿರುವಾಗ ಓದುತ್ತಾರೆ, ಕೇಳಲೂ ಚಂದ. ಆದರೆ ಅವಳು ಅದನ್ನು ಹೇಳಿದ್ದು ಅತ್ತೆಗೆ. ಕಥೆಯಲ್ಲಿ ಇನ್ನೊಬ್ಬ ಸೊಸೆ ಇದ್ದಾಳೆ, ಒರ್ಫಾ. ಅವಳೂ ಅತ್ತಳು, ಅತ್ತೆಗೆ ಮುತ್ತು ಕೊಟ್ಟಳು, ಹಿಂದಿರುಗಿ ಹೋದಳು. ಅವಳದು ತಪ್ಪು ಎಂದು ಬೈಬಲಿನಲ್ಲಿ ಎಲ್ಲೂ ಬರೆದಿಲ್ಲ. ಅತ್ತೆ ನೊವೊಮಿಯೇ ಹೋಗು ಎಂದಿದ್ದಳು. ನಮ್ಮತ್ತೆಯೂ ಹಾಗೆಯೇ ಹೇಳಿದ್ದು. ಕಾರ್ಕಳ ಬಸ್ ಸ್ಟ್ಯಾಂಡಿನಲ್ಲಿ ನನ್ನ ಹಣೆಗೆ ಶಿಲುಬೆ ಹಾಕಿ, "ಇಲ್ಲಿ ಕೂತು ಏನು ಮಾಡುತ್ತೀ, ಅವನಿಗೆ ಅಡುಗೆ ಮಾಡಿ ಹಾಕು" ಎಂದು ಅವರೇ ಬ್ಯಾಗ್ ಎತ್ತಿಕೊಟ್ಟರು. ನಮ್ಮ ಜೊತೆ ಬನ್ನಿ ಎಂದು ನಾವೂ ಕರೆದೆವು. ಅವರು ಬರುವುದಿಲ್ಲ ಎಂದು ಗೊತ್ತಿದ್ದೇ ಕರೆದೆವೇನೋ.

ಸಂಜೆ ವಿಡಿಯೊ ಕಾಲ್ ಮಾಡಿದೆವು. ಅತ್ತೆ ಫೋನನ್ನು ಹಣೆಗೆ ತೀರಾ ಹತ್ತಿರ ಹಿಡಿದಿದ್ದರು. ಊಟ ಆಯ್ತಾ ಎಂದರೆ ಆಯ್ತು ಎಂದರು. ಯಾರ ಜೊತೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಮಗಳು ಮಾತ್ರ ಉಳಿದ ತೆನೆಯನ್ನು ಫೋನಿನ ಮುಂದೆ ಹಿಡಿದು, "ಅಜ್ಜೀ, ಇದನ್ನು ಒಣಗಿಸಿ ಪೋಸ್ಟಿನಲ್ಲಿ ನಿಮಗೆ ಕಳಿಸಲಾ?" ಎಂದಳು. ಲಕೋಟೆಯ ಕಥೆಯನ್ನು ಪಾತ್ರೆ ಒರೆಸುವಾಗ ಅವಳಿಗೆ ನಾನೇ ಹೇಳಿದ್ದೆ.

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. "ಅದು ಹಾಲುಗಾಳು ಮಗಾ. ಒಣಗಿದರೆ ಜೊಳ್ಳೇ. ಕ್ರಿಸ್ಮಸ್ಸಿಗೆ ನೀವೇ ಬನ್ನಿ."

ಮಗಳು ನನ್ನ ಮುಖ ನೋಡಿದಳು. ಇವರ ರಜೆ, ಅವಳ ಪರೀಕ್ಷೆ, ಬುಕಿಂಗ್ ತೆರೆದ ಕೂಡಲೇ ಖಾಲಿಯಾಗುವ ಮತ್ಸ್ಯಗಂಧಾ ರೈಲಿನ ಟಿಕೆಟು, ಎಲ್ಲ ಒಮ್ಮೆ ತಲೆಯಲ್ಲಿ ಬಂದು ಹೋಯಿತು. "ನೋಡುವ ಅತ್ತೆ" ಎಂದೆ.

ಹೋದ ವರ್ಷವೂ ಅದನ್ನೇ ಹೇಳಿದ್ದೆ. ಅವರು ಅದಕ್ಕೆ ಏನೂ ಹೇಳಲಿಲ್ಲ. "ಆ ಎದುರು ಮನೆಯವರ ತಮ್ಮನಿಗೆ ಪತ್ರೊಡೆ ಕಟ್ಟಿ ಕೊಟ್ಟೆಯಾ? ಪಾಪ, ಅಷ್ಟು ದೂರದಿಂದ ಬಂದಿದ್ದಾನೆ" ಎಂದು ಕೇಳಿದರು.