ಅಳಿಯನ ನೋಟ್‌ಬುಕ್ಕಿನ ದೇಶ
ಅಕ್ಕನ ಮಗ ರಜೆಗೆ ಕಲಬುರಗಿಗೆ ಬಂದಿದ್ದಾನೆ. ಈ ಬಿಸಿಲಿಗೆ ಹೊರಗೆ ಬಿಡುವುದಿಲ್ಲ ಅಂತ ಕೂತು ನೋಟ್‌ಬುಕ್ಕಿನಲ್ಲಿ ಒಂದು ದೇಶ ಕಟ್ಟುತ್ತಿದ್ದಾನೆ. ಮೂರು ಬುಡಕಟ್ಟು, ಒಂದು ನದಿ, ಜಗಳವೇ ಜಾಸ್ತಿ. ನಾಲ್ಕನೇ ಪುಟಕ್ಕೇ ರಾಜ ಬಂದುಬಿಟ್ಟ!

"ಇಷ್ಟು ಬೇಗ ಹೆಂಗೋ?" ಅಂದೆ.

"ಮಾಮಾ, ಅವನ ಹತ್ರ ದೊಡ್ಡ ಜೋಳದ ಹಗೇವು ಇತ್ತು."

ಹಗೇವು ಅಂದರೆ ಕಾಳು ತುಂಬಿಡುವ ನೆಲದಡಿಯ ಕಣಜ; ಆ ಮಾತು ಅಜ್ಜಿಯದೇ ಇರಬೇಕು. ಸುಮ್ನೆ ನಕ್ಕೆ. ಆಮೇಲೆ ಅನಿಸಿತು, ಇಲ್ಲೇ ಹತ್ತಿರದ ಸುರಪುರದ ಬೇಡರೂ ಬೇಟೆಯಾಡುವ ಬುಡಕಟ್ಟಿನಿಂದಲೇ ಬಂದವರಲ್ವಾ? ನಾಯಕರಾದರು, ಗುಡ್ಡದ ನಡುವೆ ರಾಜ್ಯ ಕಟ್ಟಿದರು, 1858ರಲ್ಲಿ ಬ್ರಿಟಿಷರ ಮೇಲೂ ತಿರುಗಿಬಿದ್ದರು. ರಾಷ್ಟ್ರಕೂಟರ ರಾಜಧಾನಿ ಮಳಖೇಡವೂ ಕಾಗಿಣಾ ನದಿಯ ದಂಡೆಯಲ್ಲೇ ಇದೆ. ಹುಡುಗ ತಪ್ಪೇನೂ ಬರೆದಿಲ್ಲ.

ಈಗ ರಾಜಧಾನಿ ಬದಲಿಸುತ್ತಾನಂತೆ, ಬಹಮನಿಯವರು ಇಲ್ಲಿಂದ ಬೀದರಿಗೆ ಹೋದ ಹಾಗೆ. ರಬ್ಬರ್ ಹುಡುಕುತ್ತಿದ್ದಾನೆ.